ಮನೆಹಾಳಿ

ಮಾರ್ಚ್ 4

ಇವತ್ತು ದ್ವೀಪಕ್ಕೆ ಬಂದಿಳಿದೆ. ಕೆಲಸಕ್ಕೆ ಹೋಗುತ್ತೇನೆ ಅಂತ ಅಮ್ಮನಿಗೆ ಹೇಳಿದ್ದೇನೆ. ಕೆಲಸವೇನೋ ಹೌದು. ಆದರೆ ನಾನು ಬಂದಿರುವುದು ಆಡುಗಳು ಸಾಯುವುದನ್ನು ನೋಡುವುದಕ್ಕೆ. ಹೋತ, ಹೆಣ್ಣು, ಮರಿ, ಒಂದನ್ನೂ ಬಿಡಬಾರದು. ಇದನ್ನು ಯಾರ ಎದುರೂ ಹೇಳಲಾರೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟರೆ ನನಗೆ ಗಂಟಲು ಕಟ್ಟುತ್ತದೆ. ಬರೆಯುವುದಕ್ಕೆ ಗಂಟಲು ಬೇಕಾಗಿಲ್ಲ.

ಗುಡಿಸಲು ಅಪ್ಪ ಕಾವಲಿಗಿದ್ದಾಗ ಹೇಗಿತ್ತೋ ಹಾಗೇ ಇದೆ. ಎರಡು ಕೋಣೆ, ತಗಡಿನ ಮಾಡು, ಗಾಳಿಗೆ ತಗಡು ಹಾರದಂತೆ ಮೇಲೆ ಹೇರಿದ ಕಲ್ಲುಗಳು. ಕಿಟಕಿಯ ಚಿಲಕ ಇನ್ನೂ ಸರಿಯಾಗಿ ಬೀಳುವುದಿಲ್ಲ. ಅಪ್ಪ ಅದಕ್ಕೆ ಕಟ್ಟಿದ್ದ ದಾರ ಕೊಳೆತು ಹೋಗಿತ್ತು. ಹೊಸದು ಕಟ್ಟಿದೆ.

ನಾವು ಮೂರು ಜನ. ಒಬ್ಬರು ಗಿಡದ ಮೇಡಂ. ದೊಡ್ಡ ಓದು ಓದಿದವರು, ಆದರೆ ಇಡೀ ದಿನ ಮಂಡಿಯೂರಿ ಮಣ್ಣಿಗೆ ಮೂಗು ತಾಗಿಸಿಕೊಂಡೇ ಇರುತ್ತಾರೆ. ಇನ್ನೊಬ್ಬ ಬಂದೂಕು ಹಿಡಿಯುವವನು. ಎಲ್ಲರೂ ಅವನನ್ನು ಗುರಿಕಾರ ಅನ್ನುತ್ತಾರೆ. ಬಾಯಿ ಮುಚ್ಚುವುದೇ ಇಲ್ಲ. ಮೂರನೆಯವಳು ನಾನು. ಅಡಿಗೆ, ನೀರು, ಹೊರೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಓಡಾಡಿ ದಾರಿಯೆಲ್ಲ ಗೊತ್ತು ಅಂತ ಸೇರಿಸಿಕೊಂಡರು.

ಮಾರ್ಚ್ 5

ಮೇಲಿನ ಇಳಿಜಾರಿಗೆ ಹೋಗಿ ಬಂದೆವು. ಬೋಳಿಸಿದ ತಲೆಯ ಹಾಗಿದೆ.

ಅಲ್ಲೆಲ್ಲ ಬೆಳ್ಳೆಲೆ ಇತ್ತು. ಆ ಹೆಸರು ಅಪ್ಪ ಇಟ್ಟದ್ದು. ಮೇಡಂ ಹತ್ತಿರ ಉದ್ದನೆಯ ಬೇರೆ ಹೆಸರಿದೆ, ಆದರೆ ಈಗ ಅವರೂ ಬೆಳ್ಳೆಲೆ ಅಂತಲೇ ಅನ್ನುತ್ತಾರೆ. ಈ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಗಿಡ. ಎಲೆಯ ತುಂಬ ಬಿಳಿ ರೋಮ. ಸಮುದ್ರದಿಂದ ಬರುವ ಮಂಜನ್ನು ಆ ರೋಮ ಹಿಡಿದು ಹನಿ ಮಾಡಿ ಬುಡಕ್ಕೆ ಇಳಿಸುತ್ತದೆ. ಆ ತೇವಕ್ಕೆ ಬುಡದಲ್ಲಿ ಪಾಚಿ, ಪಾಚಿಗೆ ಬಸವನಹುಳು, ಹುಳುವಿಗೆ ಕಪ್ಪು ಹಲ್ಲಿ. ಬೇರಿನ ಸಂದಿಯಲ್ಲಿ ಬಿಲದ ಹಕ್ಕಿ. ವರ್ಷವೆಲ್ಲ ಸಮುದ್ರದ ಮೇಲೆ ಅಲೆದಾಡಿ, ಒಂದೇ ಒಂದು ಮೊಟ್ಟೆ ಇಡುವುದಕ್ಕೆ ಮಾತ್ರ ಇಲ್ಲಿಗೆ ಬರುತ್ತದೆ. ಹೋದ ವರ್ಷದ ಬಿಲಕ್ಕೇ ಬರುತ್ತದೆ. ಬೇರು ಇಲ್ಲದಿದ್ದರೆ ಮಣ್ಣು ಕುಸಿದು ಬಿಲ ಮುಚ್ಚಿ ಹೋಗುತ್ತದೆ. ಆಗಲೂ ಹಕ್ಕಿ ಅಲ್ಲೇ ಇಳಿದು, ಬಾಗಿಲು ಎಲ್ಲಿ ಹೋಯಿತು ಅಂತ ಸುತ್ತುತ್ತಿರುತ್ತದೆ. ನಾನು ನೋಡಿದ್ದೇನೆ.

ಆಡು ತಿನ್ನುವುದು ಒಂದು ಗಿಡವನ್ನಲ್ಲ, ಒಂದು ಊರನ್ನು ಅಂತ ಅಪ್ಪ ಹೇಳುತ್ತಿದ್ದರು.

ಈಗ ಬೆಳ್ಳೆಲೆ ಉಳಿದಿರುವುದು ಆಡಿನ ಬಾಯಿಗೆ ಎಟುಕದ ಕಡಿದಾದ ಬಂಡೆಯ ಕೆನ್ನೆಯಲ್ಲಿ ಮಾತ್ರ. ಅಪ್ಪ ಹಗ್ಗ ಕಟ್ಟಿಕೊಂಡು ಬೀಜಕ್ಕೆ ಇಳಿದದ್ದು ಅಲ್ಲಿಗೇ. ಹಗ್ಗ ಹರಿಯಲಿಲ್ಲ. ಹಗ್ಗ ಸುತ್ತಿದ್ದ ಕಲ್ಲೇ ಮಣ್ಣಿನ ಸಮೇತ ಕಿತ್ತುಕೊಂಡು ಬಂತು. ಬೇರಿಲ್ಲದ ಮಣ್ಣು. ಬೇರು ತಿಂದವರು ಯಾರು?

ಒಂದನ್ನೂ ಬಿಡಬಾರದು.

ಮಾರ್ಚ್ 7

ಸಾಮಾನು ಇಳಿಸಿ ದೊಡ್ಡಪ್ಪ ಇವತ್ತು ವಾಪಸು ಹೋದರು. ಇಲ್ಲಿಗೆ ಅಕ್ಕಿ, ಎಣ್ಣೆ, ಪತ್ರ ತರುವ ದೋಣಿ ಅವರದು. ಅಪ್ಪನ ಸ್ವಂತ ಅಣ್ಣ. ಹೋಗುವ ಮುಂಚೆ ಗುರಿಕಾರನಿಗೆ ಆ ಕಥೆ ಹೇಳಿದರು. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಅವರು ಹೇಳದೆ ಬಿಡದ ಕಥೆ.

ತಾತ ಇಲ್ಲಿ ದೀಪಸ್ತಂಭ ನೋಡಿಕೊಳ್ಳುತ್ತಿದ್ದರು. ಕೆಲಸ ಮುಗಿದು ಎಲ್ಲರೂ ದಡಕ್ಕೆ ಹೊರಟಾಗ ದೋಣಿಯಲ್ಲಿ ಜಾಗ ಇರಲಿಲ್ಲ. ಎರಡು ಆಡು ಇದ್ದವು, ಒಂದು ಹೋತ, ಒಂದು ಹೆಣ್ಣು.

“ನಾನಿನ್ನೂ ಹುಡುಗ. ಅಪ್ಪ ಚಾಕು ಕೊಟ್ಟು ಕಳಿಸಿದರು ಕಣಯ್ಯಾ, ಕುಯ್ದು ಬಾ ಅಂತ. ನಾನು ಹೋಗಿ ಹಗ್ಗ ಬಿಚ್ಚಿಬಿಟ್ಟೆ. ಚಾಕು ಸಮುದ್ರದಲ್ಲಿ ಅದ್ದಿಕೊಂಡು ಬಂದೆ. ಕುಯ್ದೆಯೇನೋ ಅಂದರು. ಹೂಂ ಅಂದೆ. ಮಾಂಸ ಎಲ್ಲೋ ಅಂದರು. ಹದ್ದು ಹೊತ್ಕೊಂಡು ಹೋಯ್ತು ಅಂದೆ. ಎರಡನ್ನೂನಾ ಅಂದರು.”

ಗುರಿಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅಲ್ಲೇ ದೋಣಿ ಕಟ್ಟೆಯ ಮೇಲೆ ಚಹಾ ಪಾತ್ರೆ ತಿಕ್ಕುತ್ತಿದ್ದೆ. ಆ ಎರಡರ ಮೊಮ್ಮಕ್ಕಳು ಮರಿಮಕ್ಕಳೇ ದ್ವೀಪವನ್ನು ಬೋಳಿಸಿದ್ದು. ಆ ಎರಡರ ವಂಶವೇ ಅಪ್ಪನನ್ನು ಕೆಡವಿದ್ದು. ಅದು ಕಥೆಯಲ್ಲಿ ಬರುವುದಿಲ್ಲ. ನಗು ಬರುವ ಕಡೆಗೇ ದೊಡ್ಡಪ್ಪ ನಿಲ್ಲಿಸಿಬಿಡುತ್ತಾರೆ.

“ಏನೇ ಪುಟ್ಟಿ, ಅಮ್ಮನಿಗೆ ಏನಾದರೂ ಹೇಳಬೇಕಾ?” ಅಂದರು.

ತಲೆ ಆಡಿಸಿದೆ.

“ನಿನ್ನ ಮಾತಿನ ಭಾರಕ್ಕೆ ನನ್ನ ದೋಣಿ ಮುಳುಗಿಬಿಡುತ್ತೆ ಕಣೆ,” ಅಂತ ಹೇಳಿ ಹಗ್ಗ ಎಳೆದುಕೊಂಡರು.

ಆಡುಗಳಾದ ಮೇಲೆ ನಿಮ್ಮ ಸರದಿ, ದೊಡ್ಡಪ್ಪ. ಹೇಗೆ ಅಂತ ಇನ್ನೂ ಗೊತ್ತಿಲ್ಲ.

ಮಾರ್ಚ್ 12

ಒಂದು ಹೆಣ್ಣಾಡು ಬಲೆಗೆ ಬಿತ್ತು.

ಹೋದ ವರ್ಷ ದೊಡ್ಡ ತಂಡವೊಂದು ಬಂದು ಮುಕ್ಕಾಲು ಪಾಲು ಆಡುಗಳನ್ನು ಮುಗಿಸಿದೆ. ಉಳಿದಿರುವವು ಪಾಕಡಾಗಳು, ಮಹಾ ಚಾಲಾಕಿನವು. ಮನುಷ್ಯರ ವಾಸನೆ ಸಿಕ್ಕರೆ ಕೊರಕಲಿನೊಳಗೆ ಮಾಯ. ಅವುಗಳನ್ನು ಹುಡುಕಲು ಇರುವ ಉಪಾಯ ಇದು: ಒಂದನ್ನು ಜೀವಂತ ಹಿಡಿದು, ಕೊರಳಿಗೆ ಸದ್ದು ಕಳಿಸುವ ಪಟ್ಟಿ ಕಟ್ಟಿ ಬಿಡುವುದು. ಆಡು ಒಂಟಿಯಾಗಿರಲಾರದು. ತನ್ನವರನ್ನು ಹುಡುಕಿಕೊಂಡು ಹೋಗಿಯೇ ಹೋಗುತ್ತದೆ. ನಾವು ರೇಡಿಯೋದಂಥ ಪೆಟ್ಟಿಗೆಯಲ್ಲಿ ಪಟ್ಟಿಯ ಸದ್ದು ಕೇಳುತ್ತಾ ಹಿಂದೆ ಹೋಗುವುದು. ಅದರ ಸುತ್ತ ಇರುವವನ್ನೆಲ್ಲ ಹೊಡೆದು, ಅದೊಂದನ್ನು ಬಿಟ್ಟುಬಿಡುವುದು. ಅದು ಮತ್ತೆ ಬೇರೆಯವರನ್ನು ಹುಡುಕುತ್ತದೆ. ನಾವು ಮತ್ತೆ ಹಿಂದೆ.

ಗುರಿಕಾರ ಇದನ್ನು ವಿವರಿಸುವಾಗ ನನಗೆ ಮೈಯೆಲ್ಲ ಬೆಚ್ಚಗಾಯಿತು. ಹೊಡೆದರೆ ಹೀಗೆ ಹೊಡೆಯಬೇಕು. ಅವರ ಮನೆಯವರಿಂದಲೇ.

ಪಟ್ಟಿ ಕಟ್ಟುವ ಮೊದಲು ಅದಕ್ಕೆ ಮರಿಯಾಗದಂತೆ ದನದ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಬೇಕು. ಅಲೆ ಜೋರಾಗಿ ಡಾಕ್ಟರು ಬಂದಿಲ್ಲ. ಮೇಡಂ ಮುಂದಿನ ದೋಣಿಯವರೆಗೆ ಕಾಯೋಣ ಅಂದರು. ಆಡು ಕಟ್ಟಿದಲ್ಲೇ ಅರಚುತ್ತಿತ್ತು.

“ಕಾಯುವುದು ಬೇಡ,” ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ನನಗೂ ಆಶ್ಚರ್ಯವಾಯಿತು.

“ಮಳೆ ಹಿಡಿದರೆ ಅವು ಕೊರಕಲಿಂದ ಹೊರಗೆ ಬರೋದಿಲ್ಲ. ಒಂದು ವಾರದಲ್ಲಿ ಹೋತಗಳನ್ನ ಹೊಡೆದುಬಿಟ್ಟರೆ ಮರಿ ಎಲ್ಲಿಂದ ಬರುತ್ತೆ?”

“ಮಾತಾಡುತ್ತೆ ಇದು!” ಅಂದ ಗುರಿಕಾರ.

ಮೇಡಂ ಯೋಚಿಸಿ, “ಅಪ್ಪನ ಜೊತೆ ಓಡಾಡಿದವಳು, ಮಳೆ ವಿಷಯ ಅವಳಿಗೆ ಗೊತ್ತಿರುತ್ತೆ,” ಅಂದರು. ಪಟ್ಟಿ ಕಟ್ಟಿದ್ದು ನಾನೇ. ಬಿಡುವಾಗ ಅದರ ಕಿವಿಯಲ್ಲಿ ಹೆಸರು ಹೇಳಿ ಕಳಿಸಿದೆ. ಮನೆಹಾಳಿ. ಹೋಗು, ನಿನ್ನ ಮನೆ ಹಾಳು ಮಾಡು.

ಮಾರ್ಚ್ 16

ಹೊಡೆದೆವು. ದಕ್ಷಿಣದ ಕೊರಕಲಲ್ಲಿ ಇಡೀ ಮಂದೆ. ಮನೆಹಾಳಿ ಮಧ್ಯದಲ್ಲಿ ನಿಂತಿತ್ತು. ಸದ್ದು ನಿಂತ ಮೇಲೆ ಅದು ಬಿದ್ದವುಗಳನ್ನು ಒಂದೊಂದಾಗಿ ಮೂಸಿತು. ಕಾಲಿನಿಂದ ಒಂದನ್ನು ತಟ್ಟಿತು, ಏಳು ಅನ್ನುವ ಹಾಗೆ.

ಚೆನ್ನಾಗಿ ನೋಡಿಕೋ ಅಂತ ಮನಸ್ಸಿನಲ್ಲೇ ಅಂದೆ. ನಾನೂ ಅಪ್ಪನನ್ನು ಹಾಗೇ ನೋಡಿದ್ದು.

ತುಂಬ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಏಪ್ರಿಲ್ 2

ಮಳೆ ಬರಲೇ ಇಲ್ಲ. ನಾನು ಹೇಳಿದ್ದು ಸುಳ್ಳಾಯಿತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಹೋತಗಳು ವಾರದಲ್ಲಿ ಮುಗಿಯಲೂ ಇಲ್ಲ. ನಿನ್ನೆಯಷ್ಟೇ ಎರಡು ದೊಡ್ಡವು ಬಿದ್ದವು. ಈಗ ಪೆಟ್ಟಿಗೆ ಹೊರುವುದು ನನ್ನ ಕೆಲಸ. ಅದರ ಆಂಟೆನಾ ಕಡ್ಡಿ ಎತ್ತಿ ತಿರುಗಿಸಿದರೆ ಮನೆಹಾಳಿ ಇರುವ ದಿಕ್ಕಿಗೆ ಟಿಕ್ ಟಿಕ್ ಜೋರಾಗುತ್ತದೆ. ನಿದ್ದೆಯಲ್ಲೂ ಕೇಳುತ್ತದೆ.

ಏಪ್ರಿಲ್ 9

ಗುರಿಕಾರನ ಹತ್ತಿರ ಕೇಳಿಯೇಬಿಟ್ಟೆ. “ಅಣ್ಣಾ, ಕೊನೆಯದನ್ನ ನಾನು ಹೊಡೀಬೇಕು.”

“ಕೊನೆಯದು ಅಂದರೆ?”

“ಮನೆಹಾಳಿ. ಎಲ್ಲ ಆದ ಮೇಲೆ ಅದನ್ನೂ ಹೊಡೀತಾರಲ್ಲ.”

ಅವನು ಬಂದೂಕು ಪಕ್ಕಕ್ಕಿಟ್ಟು ನನ್ನನ್ನು ನೋಡಿದ. ಆಮೇಲೆ ಖಾಲಿ ಡಬ್ಬಿಗಳನ್ನು ಕಲ್ಲಿನ ಮೇಲೆ ಸಾಲಾಗಿಟ್ಟ. “ಆಯ್ತು ತಂಗಿ, ನಿನ್ನದೇ ಅದು. ಮೊದಲು ಇದನ್ನ ಹೊಡಿ.”

ಒಂದೂ ತಾಗಲಿಲ್ಲ. ಭುಜ ಕಂದಿದೆ.

“ಯಾರ ಮೇಲೆ ಸಿಟ್ಟು ನಿನಗೆ? ಡಬ್ಬಿ ಮೇಲಾ?” ಅಂದ. “ನಾನು ಆಡಿನ ಮೇಲೆ ಸಿಟ್ಟು ಮಾಡಿಕೊಳ್ಳಲ್ಲ. ಸಿಟ್ಟಾದರೆ ಕೈ ಅಲ್ಲಾಡುತ್ತೆ. ಕೈ ಅಲ್ಲಾಡಿದರೆ ಅದಕ್ಕೆ ನೋವಾಗುತ್ತೆ. ಅಷ್ಟೇ ವಿದ್ಯೆ.”

ನೋವಾದರೆ ಆಗಲಿ ಅಂದುಕೊಂಡೆ.

ಏಪ್ರಿಲ್ 28

ಡಬ್ಬಿ ಉರುಳಿತು.

ಮೇ 10

ದೊಡ್ಡಪ್ಪ ಬಂದಿದ್ದರು. ನಾನು ಮೂಟೆ ಇಳಿಸುತ್ತಿದ್ದಾಗ ಮೇಲಿನಿಂದ ಗುಂಡಿನ ಸದ್ದು ಕೇಳಿತು. ಅವರ ಕೈಯಲ್ಲಿದ್ದ ಎಣ್ಣೆ ಡಬ್ಬ ಜಾರಿತು.

“ಆ ಸದ್ದು ನನಗಾಗಲ್ಲ ಕಣೆ,” ಅಂದರು.

ನಾನು ಡಬ್ಬ ಎತ್ತಿಟ್ಟೆ. ಅವರೇ ಹೇಳಿದರು, ಕಥೆ ಹೇಳುವ ದನಿಯಲ್ಲಲ್ಲ. “ನಿಮ್ಮಪ್ಪ ಹುಟ್ಟಿದ ವಾರಕ್ಕೆ ನಮ್ಮಮ್ಮ ತೀರಿಕೊಂಡಳು. ದಡದಿಂದ ಹಾಲು ತರೋಷ್ಟರಲ್ಲಿ ಒಡೆದುಹೋಗುತ್ತಿತ್ತು. ಆ ಆಡು ತಂದಿದ್ದೇ ಅದಕ್ಕೆ. ಹಾಲು ಕರೆದು, ಬಟ್ಟೆ ಅದ್ದಿ ಅದ್ದಿ ಅವನ ಬಾಯಿಗೆ ಹಿಂಡಿದವನು ನಾನು. ನಿಮ್ಮಪ್ಪನ ಮೈಯಲ್ಲಿ ಇದ್ದಿದ್ದೆಲ್ಲ ಅದರ ಹಾಲು. ಆಮೇಲೆ ಕುಯ್ದು ಬಾ ಅಂದರೆ? ಅದೂ ಗಬ್ಬದ ಆಡು. ಹೇಗೆ ಕುಯ್ಯಲಿ?”

ನಾನು ಮೂಟೆ ಹೊತ್ತುಕೊಂಡು ಮೇಲೆ ಬಂದುಬಿಟ್ಟೆ.

ಇಷ್ಟು ವರ್ಷ ನಗಿಸಿ ಈಗ ಅಳಿಸುವುದಕ್ಕೆ ಬಂದರು. ಅವರಿಗೆ ಕೈ ಬರಲಿಲ್ಲ, ಸರಿ. ಕೈ ಬಾರದ್ದಕ್ಕೆ ದಂಡ ತೆತ್ತವರು ಯಾರು? ನನಗೀಗ ಗೊತ್ತಾಯಿತು ಏನು ಮಾಡಬೇಕು ಅಂತ. ಮನೆಹಾಳಿಯನ್ನು ನಾನು ಹೊಡೆಯುವುದಿಲ್ಲ. ಅವರ ಕೈಯಿಂದ ಹೊಡೆಸುತ್ತೇನೆ. ಅಪ್ಪ ಬಿದ್ದ ಬಂಡೆಯ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿ, ಬಂದೂಕು ಕೈಗೆ ಕೊಡುತ್ತೇನೆ. ಅವತ್ತು ಮಾಡದೆ ಬಿಟ್ಟ ಕೆಲಸ ಇವತ್ತು ಮಾಡಿ ಅನ್ನುತ್ತೇನೆ. ಅಪ್ಪ ಸತ್ತ ಮೇಲೆ ಒಂದು ದಿನವಾದರೂ ಆ ಬಂಡೆ ಹತ್ತಿದ್ದಾರಾ ಅವರು? ದೋಣಿ ಕಟ್ಟೆಯಿಂದ ಈಚೆ ಕಾಲಿಟ್ಟಿಲ್ಲ.

ಆ ಯೋಚನೆ ಬಂದ ಮೇಲೆ ಹಾಯೆನಿಸಿತು.

ಮೇ 24

ನಾಲ್ಕು ದಿನದಿಂದ ಮನೆಹಾಳಿ ಒಂಟಿ. ಹುಡುಕುತ್ತಿದೆ, ಸಿಗುತ್ತಿಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತು ಕೂಗುತ್ತದೆ. ನಿಂತು ಕೇಳಿಸಿಕೊಳ್ಳುತ್ತದೆ. ಮತ್ತೆ ಕೂಗುತ್ತದೆ. ಗಾಳಿ ಬಿಟ್ಟರೆ ಬೇರೇನೂ ಉತ್ತರ ಕೊಡುವುದಿಲ್ಲ.

ಮೇಡಂ ಬೋಳು ಇಳಿಜಾರಿನಲ್ಲಿ ಉಗುರಿನಷ್ಟು ಪುಟ್ಟ ಬೆಳ್ಳೆಲೆ ಸಸಿ ಕಂಡು ನನ್ನನ್ನು ಓಡಿ ಬಾ ಅಂತ ಕರೆದರು. ಅಪ್ಪ ಎರಚಿದ್ದ ಬೀಜದ್ದೇ ಇರಬೇಕು ಅಂದರು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ನೋಡಿದೆವು. ಮೇಡಂ ಅತ್ತರು. ಅವರಿಗೆ ನಾಚಿಕೆಯಿಲ್ಲ ಅಳುವುದಕ್ಕೆ. ನಾನು ಸುತ್ತ ಕಲ್ಲು ಜೋಡಿಸಿದೆ.

ಜೂನ್ 6

ಮಂಜು. ಕೊರಕಲಿನ ಬಾಯಿಯಲ್ಲಿ ಪೆಟ್ಟಿಗೆ ಹಿಡಿದು ಕುಳಿತಿದ್ದೆ. ಟಿಕ್ ಟಿಕ್ ತುಂಬ ಜೋರಾಯಿತು. ತಲೆಯೆತ್ತಿದರೆ ಮನೆಹಾಳಿ ಎದುರಿಗೇ ನಿಂತಿದ್ದಳು. ಓಡಲಿಲ್ಲ. ರೆಪ್ಪೆಯ ಮೇಲೆಲ್ಲ ಮಂಜಿನ ಹನಿ. ಒಂದು ಬಿಸ್ಕತ್ತು ಎಸೆದೆ. ಹತ್ತಿರ ಬರುವ ಅಭ್ಯಾಸವಾದರೆ ಕೊನೆಗೆ ಹಿಡಿಯುವುದು ಸುಲಭ, ಅದಕ್ಕೆ.

ಜೂನ್ 15

ಈಗೀಗ ಅವಳ ಮೈ ತುಂಬಿಕೊಂಡಿದೆ. ತಿನ್ನುವುದಕ್ಕೆ ಪೈಪೋಟಿಯಿಲ್ಲ, ಹುಲ್ಲು ಜಾಸ್ತಿ.

ಜೂನ್ 29

ಕೊನೆಯ ಹೋತ ಬಿತ್ತು. ಅವಳೇ ತೋರಿಸಿಕೊಟ್ಟಿದ್ದು. ಗುರಿಕಾರ ದ್ವೀಪವನ್ನೆಲ್ಲ ಸುತ್ತಿ ಬಂದು ಇನ್ನೇನೂ ಕಾಣುತ್ತಿಲ್ಲ ಅಂದ. ಖಾತ್ರಿಯಾಗಲು ಇನ್ನೊಂದು ತಿಂಗಳು ಮನೆಹಾಳಿಯನ್ನು ಬಿಟ್ಟು ನೋಡುತ್ತಾರಂತೆ. ಎಲ್ಲಾದರೂ ಒಂದು ಅಡಗಿದ್ದರೆ ಅವಳು ಬಿಡುವುದಿಲ್ಲ, ಹುಡುಕುತ್ತಾಳೆ.

“ಮೈ ಬಂದಿದೆಯಲ್ಲ ಇದಕ್ಕೆ,” ಅಂದರು ಮೇಡಂ, ದುರ್ಬೀನಿನಲ್ಲಿ ನೋಡುತ್ತಾ.

“ಹುಲ್ಲು ಜಾಸ್ತಿ,” ಅಂದೆ.

ನನ್ನ ಮಾತು ಅಪರೂಪ, ಅದಕ್ಕೆ ಜನ ನಂಬಿಬಿಡುತ್ತಾರೆ.

ಜುಲೈ 11

ಬೆಳಿಗ್ಗೆ ಗುರಿಕಾರ ಪೆಟ್ಟಿಗೆ ಹಿಡಿದು ಗುಡ್ಡದ ಕಡೆ ಹೊರಟವನು ನಿಂತ. ಕಡ್ಡಿ ತಿರುಗಿಸಿದ. ಮತ್ತೆ ತಿರುಗಿಸಿದ. ಸದ್ದು ನಮ್ಮ ಗುಡಿಸಲಿನ ಕಡೆಗೇ ಜೋರು. ಹಿಂದೆ ಹೋಗಿ ನೋಡಿದರೆ ನಾನು ಮಲಗುವ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಅವಳು ಮಲಗಿದ್ದಾಳೆ, ಮೆಲುಕು ಹಾಕುತ್ತಾ.

“ಪೆಟ್ಟಿಗೆ ಸುಳ್ಳು ಹೇಳಲ್ಲಪ್ಪ,” ಅಂದ ಗುರಿಕಾರ. “ಇದು ಯಾರ ಜೊತೆ ಸೇರಿಕೊಳ್ಳುತ್ತೋ ಅವರೇ ಮಂದೆ. ಕಾನೂನು ಪ್ರಕಾರ ಈಗ ನಿನ್ನನ್ನ ಹೊಡೀಬೇಕು ತಂಗಿ.” ಬೆರಳನ್ನು ಬಂದೂಕು ಮಾಡಿ ನನ್ನ ಹಣೆಗೆ ತೋರಿಸಿದ.

ಮೇಡಂ ನಕ್ಕರು. ನಾನೂ ನಕ್ಕೆ. ಆಮೇಲೆ ನೀರು ತರುವ ನೆಪ ಮಾಡಿ ಹೊರಗೆ ಹೋದೆ.

ಜುಲೈ 20

ಕೆಚ್ಚಲು ಇಳಿದಿದೆ. ಹುಲ್ಲಿಗೆ ಕೆಚ್ಚಲು ಇಳಿಯುವುದಿಲ್ಲ.

ಜುಲೈ 21

ಬರೆಯುವುದೇನೂ ಇಲ್ಲ.

ಜುಲೈ 25

ಮೇಡಂ ಮತ್ತು ಗುರಿಕಾರ ಆಚೆ ದಂಡೆಯಲ್ಲಿ ಡೇರೆ ಹಾಕಿದ್ದಾರೆ. ಇಲ್ಲಿ ನಾನು ಮತ್ತು ಅವಳು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗಿನಿಂದ ಒದೆಯುತ್ತದೆ. ಒಂದೋ ಎರಡೋ ಗೊತ್ತಾಗಲಿಲ್ಲ. ಒಂದು ಹೋತವಾದರೂ ಸಾಕು, ವಂಶ ಮತ್ತೆ ಶುರು. ದೊಡ್ಡಪ್ಪ ಬಿಟ್ಟಿದ್ದೂ ಎರಡನ್ನೇ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾಳೆ ಹೇಳುತ್ತೇನೆ.

ಜುಲೈ 29

ನಾಳೆ ಹೇಳುತ್ತೇನೆ.

ಆಗಸ್ಟ್ 2

ದೊಡ್ಡಪ್ಪ ಬಂದರು. ಮನೆಹಾಳಿ ನನ್ನ ಹಿಂದೆಯೇ ದೋಣಿ ಕಟ್ಟೆಗೆ ಇಳಿದು ಬಂದಿದ್ದಳು. ಅವಳನ್ನು ನೋಡಿದ ಕೂಡಲೇ ಅವರ ಮುಖ ಬದಲಾಯಿತು.

“ಗಬ್ಬ ಇದು,” ಅಂದರು. “ವಾರ ಹತ್ತು ದಿನ ಅಷ್ಟೇ. ಅವರಿಗೆ ಗೊತ್ತಾ?”

ಇಲ್ಲ ಅಂತ ತಲೆ ಆಡಿಸಿದೆ.

ಅವರು ಸುತ್ತ ನೋಡಿದರು, ಸುತ್ತ ಇದ್ದಿದ್ದು ಸಮುದ್ರ ಒಂದೇ ಆದರೂ. “ಹೇಳಬೇಡ. ನಾಳೆ ಬೆಳಿಗ್ಗೆ ದೋಣಿಗೆ ಹಾಕಿಕೊಂಡು ಹೋಗ್ತೀನಿ. ಪಟ್ಟಿ ಬಿಚ್ಚಿ ಸಮುದ್ರಕ್ಕೆ ಎಸೆದುಬಿಡು. ಬಂಡೆಯಿಂದ ಬಿತ್ತು ಅಂತ ಹೇಳಿದರಾಯ್ತು.”

ಇಲ್ಲಿಯ ಆಡುಗಳನ್ನು ದಡಕ್ಕೆ ತರುವಂತಿಲ್ಲ. ರಕ್ತದಲ್ಲಿ ರೋಗವಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಇವಕ್ಕೆ ಏನೂ ಆಗುವುದಿಲ್ಲ, ದಡದ ಮಂದೆಗಳಿಗೆ ಹತ್ತಿದರೆ ಮರಿ ನಿಲ್ಲುವುದಿಲ್ಲ, ಕಣ್ಣು ಹೋಗುತ್ತದೆ. ಮೊದಲ ದಿನವೇ ಮೇಡಂ ಎಲ್ಲರಿಗೂ ಹೇಳಿದ್ದರು. ದೊಡ್ಡಪ್ಪನೂ ಕೇಳಿಸಿಕೊಂಡಿದ್ದರು.

ಹೂಂ ಅಂದೆ.

ನನ್ನ ಬಾಯಿಂದಲೇ ಬಂತು. ಹೂಂ.

ಆಗಸ್ಟ್ 3

ಬೆಳಿಗ್ಗೆ ಅವಳನ್ನು ಕರೆದುಕೊಂಡು ಕಟ್ಟೆಗೆ ಇಳಿದೆ. ದೊಡ್ಡಪ್ಪ ದೋಣಿಯ ತಳದಲ್ಲಿ ಗೋಣಿ ಹಾಸಿ, ಎಲ್ಲಿಂದಲೋ ಹುಲ್ಲು ಕಿತ್ತು ತಂದು ಹರಡುತ್ತಿದ್ದರು. ಬಾಯಲ್ಲಿ ಏನೋ ಗುನುಗು. ನನ್ನನ್ನು ನೋಡಿ ನಕ್ಕರು. ಅಂಥ ಹಗುರವಾದ ಮುಖ ನಾನು ಅವರಲ್ಲಿ ನೋಡಿಯೇ ಇರಲಿಲ್ಲ. ಚಾಕು ಅದ್ದಿಕೊಂಡು ಬಂದ ದಿನವೂ ಇದೇ ಮುಖ ಇದ್ದಿರಬೇಕು. ಮುಂದಿನ ಮದುವೆ ಮನೆಯಲ್ಲಿ ಇದೂ ಒಂದು ಕಥೆಯಾಗುತ್ತದೆ. ದಡದಲ್ಲಿ ನಮ್ಮ ಪಕ್ಕದ ಬೀದಿಯ ವಿಧವೆ, ನಾಲ್ಕು ಆಡು ಕಟ್ಟಿಕೊಂಡು ಮಕ್ಕಳನ್ನು ಸಾಕುತ್ತಿರುವವಳು, ಅವಳು ಆ ಕಥೆಯಲ್ಲಿ ಬರುವುದಿಲ್ಲ.

“ಇಲ್ಲ,” ಅಂದೆ.

“ಏನಿಲ್ಲ?”

ಆಮೇಲೆ ನಾನು ಮಾತಾಡಿದೆ. ಗಂಟಲು ಕಟ್ಟಲಿಲ್ಲ. “ನೀವು ಪ್ರತಿ ಸಲ ಕೈ ತೊಳೆದುಕೊಂಡು ದೋಣಿ ಹತ್ತುತ್ತೀರಿ. ಹಿಂದೆ ಏನಾಯ್ತು ಅಂತ ತಿರುಗಿ ನೋಡಲ್ಲ. ಅವತ್ತು ನೀವು ಎರಡನ್ನ ಕುಯ್ದಿದ್ದರೆ ಸಾವಿರಾರು ಆಡುಗಳನ್ನ ಯಾರೂ ಗುಂಡು ಹೊಡೆದು ಸಾಯಿಸಬೇಕಾಗಿರಲಿಲ್ಲ. ಅಪ್ಪ ಇರ್ತಿದ್ದರು. ನೀವು ಒಳ್ಳೆಯವರಾದ ಖರ್ಚನ್ನೆಲ್ಲ ನಾವು ಕೊಟ್ಟಿದ್ದೀವಿ ದೊಡ್ಡಪ್ಪ. ಅದನ್ನ ನಗಿಸಿ ನಗಿಸಿ ಹೇಳ್ತೀರಿ.”

ಅವರು ಹುಲ್ಲಿನ ಮೇಲೇ ಕುಳಿತರು.

“ಗೊತ್ತು ಕಣೆ,” ಅಂದರು. “ನಗಿಸದೆ ಅದನ್ನ ಹೇಗೆ ಹೇಳೋದು, ನೀನೇ ಹೇಳು. ಹೇಳದೆ ಇರೋಕೂ ಆಗಲ್ಲ.”

ಅವರು ಅತ್ತರೆ ಚೆನ್ನಾಗಿರುತ್ತದೆ ಅಂತ ಎಷ್ಟು ದಿನ ಅಂದುಕೊಂಡಿದ್ದೆ. ಅವರು ಅಳಲಿಲ್ಲ, ಮುದುಕರಾದರು ಅಷ್ಟೇ. ಕುಳಿತ ಕಡೆಯಲ್ಲೇ.

“ಇವತ್ತು ನೀವು ಹೋಗಬಾರದು,” ಅಂದೆ. “ಕೆಲಸ ಇದೆ ನಿಮಗೆ.”

ಅಲ್ಲಿಂದ ನೇರ ಆಚೆ ದಂಡೆಗೆ ನಡೆದು ಹೋಗಿ ಮೇಡಂ ಮತ್ತು ಗುರಿಕಾರನಿಗೆ ಎಲ್ಲ ಹೇಳಿದೆ. ಡಾಕ್ಟರು ಬರುವವರೆಗೆ ಕಾಯುವುದು ಬೇಡ ಅಂದವಳು ನಾನು, ಹುಲ್ಲು ಜಾಸ್ತಿ ಅಂದವಳೂ ನಾನು ಅಂತ. ಮೇಡಂ ಬೈಯುತ್ತಾರೆ ಅಂದುಕೊಂಡಿದ್ದೆ. “ಕಾಯೋಣ ಅಂದವಳು ನಾನು, ಆಮೇಲೆ ನಿನ್ನ ಮಾತಿಗೆ ಒಪ್ಪಿಕೊಂಡವಳೂ ನಾನೇ. ದುರ್ಬೀನು ಬೇರೆ ಇತ್ತು ಕೈಯಲ್ಲಿ,” ಅಂದರು. ಗುರಿಕಾರ ಬಂದೂಕು ಒರೆಸಿ ಕೊಟ್ಟ. “ನಿನ್ನದೇ ಅಂತ ಮಾತು ಕೊಟ್ಟಿದ್ದೆ. ಬೇಡ ಅಂದರೆ ನಾನಿದ್ದೀನಿ. ಅದರಲ್ಲಿ ಅವಮಾನ ಏನಿಲ್ಲ ತಂಗಿ.”

“ದೊಡ್ಡಪ್ಪ ಹೊಡೀತಾರೆ,” ಅಂದೆ.

ಆಗಸ್ಟ್ 4

ಮಂಜು ಕರಗಿದ ಮೇಲೆ ಹೊರಟೆವು. ಮುಂದೆ ನಾನು, ಹಿಂದೆ ದೊಡ್ಡಪ್ಪ, ಕೆಳಗೆ ಸ್ವಲ್ಪ ದೂರದಲ್ಲಿ ಗುರಿಕಾರ. ಅವಳಿಗೆ ಹಗ್ಗ ಬೇಕಾಗಲಿಲ್ಲ. ನಾನು ನಡೆದೆ, ಅವಳು ಬಂದಳು. ಹೊಟ್ಟೆ ಭಾರಕ್ಕೆ ಅಲ್ಲಲ್ಲಿ ನಿಲ್ಲುತ್ತಿದ್ದಳು. ನಾನೂ ನಿಲ್ಲುತ್ತಿದ್ದೆ. ದೊಡ್ಡಪ್ಪ ಏದುಸಿರು ಬಿಡುತ್ತಾ ಹತ್ತಿದರು. ಅವರು ಮಾತಾಡದೆ ನಡೆದದ್ದನ್ನು ನಾನು ಮೊದಲ ಸಲ ಕಂಡೆ.

ಬಂಡೆಯ ಮೇಲೆ ಹೋಗಿ ತೋರಿಸಿದೆ. “ಇಲ್ಲೇ. ಕಲ್ಲು ಕಿತ್ತು ಬಂದ ಗುಂಡಿ ಇದು.”

ಅವರು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಮುಟ್ಟಿದರು. ಬೆರಳಲ್ಲಿ ಪುಡಿಪುಡಿಯಾಯಿತು. ಕೆಳಗೆ ಬಂಡೆಯ ಕೆನ್ನೆಯಲ್ಲಿ ಬೆಳ್ಳೆಲೆಗಳು ಗಾಳಿಗೆ ಬೆಳ್ಳಗೆ ತಿರುಗುತ್ತಿದ್ದವು. ಬಹಳ ಹೊತ್ತು ನೋಡಿದರು. ಆಮೇಲೆ ನಾನು ಹೇಳುವ ಮುಂಚೆಯೇ ಕೈ ಚಾಚಿದರು.

“ಕೊಡು. ಅವತ್ತೇ ಮಾಡಬೇಕಾಗಿತ್ತು.”

ಅದೇ ನನಗೆ ಬೇಕಾಗಿದ್ದದ್ದು. ಮೇ ತಿಂಗಳಿಂದ ಅದನ್ನೇ ಕಾದಿದ್ದೆ. ಚಾಚಿದ ಕೈ ನೋಡಿದೆ. ಅದು ನಡುಗುತ್ತಿತ್ತು, ಬೆರಳ ತುದಿಯಿಂದ ಮೊಣಕೈವರೆಗೂ. ಉಗುರಿನ ಸಂದಿಯಲ್ಲಿ ಆ ಗುಂಡಿಯ ಮಣ್ಣು. ಆ ಕೈಗೆ ಬಂದೂಕು ಕೊಟ್ಟರೆ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ. ಕಾಲಿಗೆ ಬೀಳುತ್ತದೆ, ಹೊಟ್ಟೆಗೆ ಬೀಳುತ್ತದೆ. ಅವಳು ಒದ್ದಾಡುತ್ತಾಳೆ.

“ಆ ಕಡೆ ತಿರುಗಿ,” ಅಂದೆ.

“ನಾನೇ...”

“ತಿರುಗಿ ದೊಡ್ಡಪ್ಪ. ನಿಮಗೆ ಆ ಸದ್ದು ಆಗಲ್ಲ. ಕಿವಿ ಮುಚ್ಚಿಕೊಳ್ಳಿ.”

ಅವಳಿಗೆ ಬಿಸ್ಕತ್ತು ಹಾಕಿದೆ. ತಲೆ ಬಗ್ಗಿಸಿದಳು. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ, ಹುಡುಕಿದರೂ ಸಿಗಲಿಲ್ಲ. ಕೈ ಅಲ್ಲಾಡಲಿಲ್ಲ. ಒಂದೇ ಸದ್ದು. ಅವಳಿಗೆ ಗೊತ್ತೇ ಆಗಲಿಲ್ಲ ಅಂತ ಗುರಿಕಾರ ಆಮೇಲೆ ಹೇಳಿದ. ಅವನು ಈ ವಿಷಯದಲ್ಲಿ ಸಮಾಧಾನಕ್ಕೆ ಸುಳ್ಳು ಹೇಳುವವನಲ್ಲ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತೆ, ಒಳಗಿನದು ನಿಲ್ಲುವವರೆಗೂ. ಅದು ಬೇಗ ನಿಲ್ಲಲಿಲ್ಲ. ಅಷ್ಟು ಹೊತ್ತೂ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಪಟ್ಟಿ ನಾನೇ ಬಿಚ್ಚಿದೆ. ಅದರ ಕೆಳಗೆ ಕೂದಲು ಸವೆದು ಚರ್ಮ ಕಾಣುತ್ತಿತ್ತು.

ದೊಡ್ಡಪ್ಪನಿಗೆ ಕೊಡಬೇಕಾಗಿದ್ದ ಶಿಕ್ಷೆ ಕೊಡಲಿಲ್ಲ. ಅವರ ಮೇಲೆ ಕನಿಕರದಿಂದ ಅಲ್ಲ. ಅವರ ಗುರಿ ತಪ್ಪಿದ್ದರೆ ಅವಳಿಗೆ ನೋವಾಗುತ್ತಿತ್ತು, ಅದಕ್ಕೆ. ಇದನ್ನು ಸರಿಯಾಗಿ ಬರೆದಿಡುತ್ತಿದ್ದೇನೆ, ಆಮೇಲೆ ನನಗೇ ಮರೆತು ಹೋಗಬಾರದು ಅಂತ.

ಇಳಿಯುವಾಗ ಅವರ ಮಂಡಿ ಕೈಕೊಟ್ಟಿತು. ಜಾರು ಮಣ್ಣು, ಹಿಡಿಯುವುದಕ್ಕೆ ಒಂದು ಗಿಡವಿಲ್ಲ. ಎರಡು ಸಲ ಕುಸಿದು ಕುಳಿತರು. ಮೂರನೆಯ ಸಲ ನಾನು ಪಕ್ಕಕ್ಕೆ ಹೋಗಿ ನಿಂತೆ. ಕೇಳದೆಯೇ ನನ್ನ ಭುಜದ ಮೇಲೆ ಕೈಯಿಟ್ಟರು, ಬಂದೂಕಿನ ಒದೆಗೆ ಕಂದಿರುವ ಭುಜದ ಮೇಲೆ. ನೋವಾಯಿತು, ಹೇಳಲಿಲ್ಲ. ಕ್ಷಮಿಸಿದ್ದೇನೆ ಅಂತಲ್ಲ. ಬಿದ್ದರೆ ಅಷ್ಟು ಭಾರದ ಮನುಷ್ಯನನ್ನು ನಾನೇ ಹೊರಬೇಕಾಗುತ್ತದೆ.

ಇಳಿಜಾರು ಮುಗಿದು ಸಮತಟ್ಟಾದ ಮೇಲೂ ಅವರು ಕೈ ತೆಗೆಯಲಿಲ್ಲ. ದೋಣಿ ಕಟ್ಟೆ ಇನ್ನೂ ದೂರವಿತ್ತು. ಸರಿ, ಕಟ್ಟೆಯವರೆಗೆ ಅಂದುಕೊಂಡೆ.